ರತ್ನಮೃಗಗಳ ಚರಿತ್ರೆ

ಚಿನ್ನವು ಕರಗಿ ಮತ್ತೆ ಚಿನ್ನವೇ ಆಗುವುದು. ವಜ್ರವು ಒಂದು ತಲೆಮಾರಿನ ಪದಕದಿಂದ ಕಳಚಿ ಮುಂದಿನ ತಲೆಮಾರಿನ ಉಂಗುರವನ್ನು ಸೇರುವುದು. ಹೀಗೆ ಮುರಿಸಿ ಮಾಡಿಸುವ ನಡುವೆ ಹೇಳಹೆಸರಿಲ್ಲದೆ ಅಳಿಯುವುದು ಅಕ್ಕಸಾಲಿಗನ ಕೈಕೆಲಸವೊಂದೇ. ಈ ವಿಧಿಯಿಂದ ಬಹುಮಟ್ಟಿಗೆ ಪಾರಾಗಿ ಉಳಿದುಬಂದವುಗಳಲ್ಲಿ, ಯೂರೋಪಿನ ಸ್ತ್ರೀಯರು ಉಡುಪಿಗೆ ಚುಚ್ಚಿಕೊಳ್ಳುತ್ತಿದ್ದ ಪ್ರಾಣಿರೂಪದ ಬ್ರೋಚುಗಳು ಗಣ್ಯವಾದುವು. ಏಕೆಂದರೆ ಅವುಗಳಲ್ಲಿ ರತ್ನವು ಬರಿಯ ಅಲಂಕಾರವಾಗಿರದೆ ಪ್ರಾಣಿಯ ಕಣ್ಣೋ ಬೆನ್ನೋ ಆಗಿರುವುದರಿಂದ, ಅದನ್ನು ಕಿತ್ತರೆ ಪ್ರಾಣಿಯೇ ಸತ್ತಂತೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಸಭ್ಯ ಸಮಾಜದಲ್ಲಿ ಹಲ್ಲಿ, ಕಪ್ಪೆ, ಜೇಡ, ದುಂಬಿಗಳಿಗೆ ಒದಗಿದ ಮನ್ನಣೆ ವಿಸ್ಮಯಕರವಾದುದು. ರಷ್ಯದ ಯೂರಲ್ ಪರ್ವತಗಳಲ್ಲಿ ಸಿಕ್ಕಿದ ಡೆಮಾಂಟಾಯ್ಡ್ ಎಂಬ ಹಸುರು ಗಾರ್ನೆಟ್ ಹೊಳಪಿನ ವರ್ಣವಿಲಾಸದಲ್ಲಿ ವಜ್ರವನ್ನೂ ಮೀರಿಸುವಂಥದಾದರೂ, ಹೆಚ್ಚಾಗಿ ಸಣ್ಣ ಕಾಳುಗಳಾಗಿಯೇ ದೊರೆಯುತ್ತಿತ್ತು. ಒಂಟಿಹರಳಿನ ಉಂಗುರಕ್ಕೆ ಕೊರತೆಯೆನಿಸುವ ಆ ಸಣ್ಣತನವೇ ಹಲ್ಲಿಯ ಬೆನ್ನಿನ ಹುರುಪೆಗೆ ಸರಿಹೊಂದಿತು. ಬಿಡಿಸಿದರೆ ಕಾಳು, ಕೂಡಿದರೆ ಹಲ್ಲಿ!

ಆದುದರಿಂದ ಇಂಥ ಒಡವೆಯ ಬೆಲೆಗಟ್ಟುವವನಿಗೆ ತಕ್ಕಡಿಯೂ ಒರೆಗಲ್ಲೂ ಸಾಲವು. ಅವನು ಒಡವೆಯನ್ನು ಮಗುಚಿ ನೋಡಬೇಕು. ಹಿಂಬದಿಯ ಸೂಜಿಗೆ ಬರಿಯ ಬಾಗಿದ ಕೊಕ್ಕೆಯಿದ್ದರೆ ಅದು ಹಳೆಯ ಕಾಲವನ್ನು ಸೂಚಿಸುವುದು. ತಿರುಗಿಸಿ ಭದ್ರಪಡಿಸುವ ಕೊಕ್ಕೆಯ ಬಳಿ ಬೆಸುಗೆಯ ಕಲೆ ಕಂಡರೆ, ಅದು ದುರಸ್ತಿಯ ಗುರುತಾಗಿರಬಹುದು. 1902ರಲ್ಲಿ ವೆರ್ನೂಯಿ ಎಂಬ ಫ್ರೆಂಚ್ ವಿಜ್ಞಾನಿ ಕೃತಕ ಮಾಣಿಕ್ಯದ ತಯಾರಿಕೆಯನ್ನು ಪ್ರಕಟಿಸಿದ ಮೇಲೆ, ಮೃಗದ ಕೆಂಗಣ್ಣನ್ನೂ ಸಂಶಯದಿಂದಲೇ ನೋಡಬೇಕಾಯಿತು.

ಕೆಲವೊಮ್ಮೆ ಈ ಕಿರುಪ್ರಾಣಿಗಳು ಕಾಲದ ಸಾಕ್ಷಿಯನ್ನೂ ನುಡಿದಿವೆ. ಜರ್ಮನರ ವಶವಾಗಿದ್ದ ಪ್ಯಾರಿಸಿನಲ್ಲಿ, ಕಾರ್ಟಿಯೆ ಸಂಸ್ಥೆಯ ಜಾನ್ ತೂಸಾಂ ಎಂಬಾಕೆಯ ಮೇಲ್ವಿಚಾರಣೆಯಲ್ಲಿ 1942ರಲ್ಲಿ ಪಂಜರದ ಹಕ್ಕಿಯ ಬ್ರೋಚು ಸಿದ್ಧವಾಯಿತು. 1944ರಲ್ಲಿ ನಗರವು ಬಿಡುಗಡೆ ಹೊಂದಿದಾಗ ಪಂಜರದ ಬಾಗಿಲು ತೆರೆಯಿತು, ಹವಳ, ರಾಜಾವರ್ತ, ವಜ್ರಗಳಿಂದ ಕೆಂಪು, ನೀಲಿ, ಬಿಳಿಯ ಫ್ರೆಂಚ್ ಬಾವುಟದ ಬಣ್ಣ ತಳೆದ ಹಕ್ಕಿ ರೆಕ್ಕೆ ಬಿಚ್ಚಿತು.

ಅದೇ ತೂಸಾಂ 1949ರಲ್ಲಿ 152.35 ಕ್ಯಾರಟ್ಟಿನ ದುಂಡು ನೀಲದ ಮೇಲೆ ವಜ್ರದ ಚಿರತೆಯೊಂದನ್ನು ಕೂರಿಸಿದಳು. ಸಿಂಹಾಸನವನ್ನು ತ್ಯಜಿಸಿದ್ದ ವಿಂಡ್ಸರ್ ಡ್ಯೂಕ್ ಅದನ್ನು ಕೊಂಡು ಪತ್ನಿಗೆ ಕೊಟ್ಟನು. ತನ್ನ ಮಡದಿಯ ಒಡವೆಗಳನ್ನು ಅನ್ಯಸ್ತ್ರೀ ತೊಡಬಾರದು, ಆಕೆಯ ತರುವಾಯ ಅವನ್ನು ಮುರಿಸಬೇಕು ಎಂಬುದು ಅವನ ಇಚ್ಛೆಯಾಗಿತ್ತೆನ್ನುವರು. ಆ ಇಚ್ಛೆ ನೆರವೇರಲಿಲ್ಲ. 1987ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಅವೆಲ್ಲ ಹರಾಜಾಗಿ ಸುಮಾರು ಐದು ಕೋಟಿ ಡಾಲರ್ ಪ್ಯಾಸ್ಚರ್ ಸಂಸ್ಥೆಗೆ ಸಂದಿತು. ನೀಲದ ಮೇಲಣ ಚಿರತೆಯನ್ನು ಅಂದು ಕೊಂಡದ್ದು, ಅದನ್ನು ಮಾಡಿ ಮಾರಿದ್ದ ಕಾರ್ಟಿಯೆ ಸಂಸ್ಥೆಯೇ.