ಗ್ರಾವೆಲ್‌ಬರ್ಗಿನ ಇಟ್ಟಿಗೆ ಚರ್ಚು

ಕೆನಡಾದ ಭೂಪಟವನ್ನೊಮ್ಮೆ ಬಿಡಿಸಿ ನೋಡಿ. ಅಮೆರಿಕದ ಗಡಿಗೆ ತಾಗಿದಂತೆ ಸಸ್ಕಾಚೆವಾನ್ ಪ್ರಾಂತ್ಯ ಕಾಣುತ್ತದೆ. ಅದರ ದಕ್ಷಿಣ ಭಾಗವೇ ಪ್ರೇರಿ, ಅಂದರೆ ಮರಗಳು ವಿರಳವಾದ ಹುಲ್ಲಿನ ಬಯಲು. ಅಲ್ಲಿ ಗ್ರಾವೆಲ್‌ಬರ್ಗ್ ಎಂಬ ಊರಿದೆ. ಜನಸಂಖ್ಯೆ ಸುಮಾರು ಒಂದು ಸಾವಿರ. ಆದರೆ ಅದರ ಚರ್ಚು ಜೋಡಿ ಗೋಪುರಗಳ, ಇಟ್ಟಿಗೆಯ ಭಾರಿ ಕಟ್ಟಡ. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಚರ್ಚು ಏತಕ್ಕೆ?

1906ರಲ್ಲಿ ಲೂಯಿ ಪಿಯರ್ ಗ್ರಾವೆಲ್ ಎಂಬ ಕ್ಯಾಥೊಲಿಕ್ ಪಾದ್ರಿ ಈ ಊರನ್ನು ಸ್ಥಾಪಿಸಿದರು. ಫ್ರೆಂಚ್ ಮಾತನಾಡುವ ಕುಟುಂಬಗಳನ್ನು ಕ್ವಿಬೆಕ್ ಮೊದಲಾದ ಕಡೆಗಳಿಂದ ಕರೆತಂದು ನೆಲೆಗೊಳಿಸುವುದು ಅವರ ಉದ್ದೇಶ. (ಆ ಬಯಲು ಖಾಲಿ ಬಿದ್ದಿತ್ತೆಂದು ಮಾತ್ರ ತಿಳಿಯಬೇಡಿ. ಕ್ರೀ, ಸೋಟೋ ಮುಂತಾದ ಮೂಲನಿವಾಸಿಗಳ ಆ ನೆಲ 1874ರ ಒಪ್ಪಂದದ ಮೂಲಕ ಸರ್ಕಾರದ ವಶವಾಗಿತ್ತು.) ಪ್ರೇರಿಗೆ ಬಂದ ವಲಸಿಗರಲ್ಲಿ ಎಷ್ಟೋ ಮಂದಿ ಮೊದಲು ಹುಲ್ಲುಬೇರಿನ ಮಣ್ಣಹೆಂಟೆಗಳನ್ನು ಒಟ್ಟಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಅಂಥ ಕಡೆ ಇಟ್ಟಿಗೆಯ ಕಟ್ಟಡವೆಂದರೆ, ನಾವು ಇಲ್ಲಿಂದ ಏಳುವವರಲ್ಲ ಎಂದು ಸಾರಿದಂತೆ.

ಚರ್ಚಿನ ಕೆಲಸ ನಡೆದದ್ದು 1918-19ರಲ್ಲಿ. ಮಹಾಯುದ್ಧದ ಕಾರಣ ಗೋಧಿಗೆ ಒಳ್ಳೆಯ ಬೆಲೆಯಿದ್ದ ಕಾಲ. ಆದರೆ ಅದೇ 1918ರಲ್ಲಿ ಪ್ರಾಂತ್ಯದ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮವೆಂದು ಗೊತ್ತುಮಾಡಿತು. ಫ್ರೆಂಚ್ ಮಾಧ್ಯಮಕ್ಕೆ ಉಳಿದದ್ದು ಮೊದಲ ತರಗತಿ. ಆಮೇಲೆ ದಿನಕ್ಕೊಂದು ಗಂಟೆಯ ಪಾಠ. ಶಾಲೆಯಲ್ಲಿ ಜಾಗ ಕಳೆದುಕೊಂಡ ಭಾಷೆಗೆ ಚರ್ಚೇ ಆಸರೆಯಾಯಿತು. ಫ್ರೆಂಚರ ಮಾಥ್ಯೂ ಕಾಲೇಜು ಅದೇ ವರ್ಷ ಅದೇ ಊರಿನಲ್ಲಿ ಆರಂಭವಾದದ್ದು ಬರಿಯ ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಒಳಗೋಡೆಗಳ ಕಥೆಯೂ ಸ್ವಾರಸ್ಯಕರ. ಅಲ್ಲಿಯ ಪಾದ್ರಿ ಷಾರ್ಲ್ ಮೈಯಾರ್ 1921ರಿಂದ 1931ರವರೆಗೆ, ಹತ್ತು ವರ್ಷ, ತಮ್ಮ ಕೈಯಾರೆ ಕ್ಯಾನ್ವಾಸಿನ ಮೇಲೆ ಧಾರ್ಮಿಕ ಚಿತ್ರಗಳನ್ನು ಬರೆದು ಗೋಡೆಗೆ ಅಂಟಿಸಿದರು. ಹೊರಗೆ ಗಾಳಿ ಬೇರೆಯೇ ಬೀಸುತ್ತಿತ್ತು. 1920ರ ದಶಕದ ಕೊನೆಯಲ್ಲಿ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಆ ಪ್ರಾಂತ್ಯದಲ್ಲಿ ಹಬ್ಬಿ ಕ್ಯಾಥೊಲಿಕರ, ಫ್ರೆಂಚ್ ಭಾಷಿಕರ ಮೇಲೆ ದ್ವೇಷ ಬಿತ್ತಿತು. 1930ರಲ್ಲಿ ಸಾರ್ವಜನಿಕ ಶಾಲೆಗಳಲ್ಲಿ ಧಾರ್ಮಿಕ ಉಡುಪು, ಚಿಹ್ನೆಗಳು ನಿಷಿದ್ಧವಾದವು. ಮರುವರ್ಷ ಮೊದಲ ತರಗತಿಯ ಫ್ರೆಂಚ್ ಮಾಧ್ಯಮವೂ ಹೋಯಿತು. ವಿಚಿತ್ರವೆಂದರೆ, 1930ರಲ್ಲೇ ಗ್ರಾವೆಲ್‌ಬರ್ಗ್ ಬಿಷಪ್ಪರ ಪೀಠವಾಯಿತು, ಚರ್ಚು ಕೆಥೆಡ್ರಲ್ ಆಯಿತು. ಹಿಂದೆಯೇ ಬರಗಾಲ ಬಂತು, ಗೋಧಿಯ ಬೆಲೆ ನೆಲಕಚ್ಚಿತು.

ಈ ಚರ್ಚು, ಬಿಷಪ್ಪರ ನಿವಾಸ ಮತ್ತು ಕಾನ್ವೆಂಟ್ ಕಟ್ಟಡವನ್ನು ಕೆನಡಾ 1995ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಗುರುತಿಸಿತು. ಬಿಷಪ್ಪರ ಪೀಠ 1998ರಲ್ಲಿ ರದ್ದಾಗಿ, ಊರು ರೆಜೈನಾದ ಧರ್ಮಪ್ರಾಂತ್ಯಕ್ಕೆ ಸೇರಿತು. ಮೈಯಾರರ ಚಿತ್ರಗಳು ಈಗಲೂ ಆ ಗೋಡೆಗಳ ಮೇಲಿವೆ.