ಅಪಾಚೆ ವೆಬ್ ಸರ್ವರ್: ಕುಸಿತ ಮತ್ತು ಪರವಾನಗಿ

ಅಪಾಚೆ 1995ರಲ್ಲಿ ಎನ್‌ಸಿಎಸ್‌ಎ ಸಂಸ್ಥೆಯ ವೆಬ್ ಸರ್ವರ್‌ಗೆ ಹಾಕಿದ ಪ್ಯಾಚ್‌ಗಳಿಂದ ಬೆಳೆದ ಮುಕ್ತ ತಂತ್ರಾಂಶ. ಇದು ಕುಸಿದಾಗ ಮೊದಲು ನೋಡಬೇಕಾದದ್ದು ಎರರ್ ಲಾಗ್. ಅಲ್ಲಿ ‘ಸೆಗ್ಮೆಂಟೇಶನ್ ಫಾಲ್ಟ್ (11)’ ಎಂಬ ಸಾಲಿದ್ದರೆ ಸತ್ತಿರುವುದು ಒಂದು ಚೈಲ್ಡ್ ಪ್ರೊಸೆಸ್. ಅದು ಸಾಯುವಾಗಿನ ಮೆಮೊರಿಯ ಪ್ರತಿಯಾದ ಕೋರ್ ಡಂಪನ್ನು ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆದರೆ ದೋಷ ಯಾವ ಮಾಡ್ಯೂಲಿನದೆಂಬ ಸುಳಿವು ಸಿಗುತ್ತದೆ. ಹೀಗೆ ಬುಡಕ್ಕಿಳಿದು ದುರಸ್ತಿ ಮಾಡಲು ಆಗುವುದು ಸೋರ್ಸ್ ಕೋಡ್ ಕೈಯಲ್ಲಿರುವುದರಿಂದ, ಅದನ್ನು ತಿದ್ದುವ ಹಕ್ಕನ್ನು 2004ರ ಅಪಾಚೆ ಪರವಾನಗಿ 2.0 ಕೊಟ್ಟಿರುವುದರಿಂದ. ಅದೇ ಪರವಾನಗಿ ಯಾವ ಖಾತರಿಯನ್ನೂ ನೀಡದೆ ಕೈತೊಳೆದುಕೊಳ್ಳುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಮುಚ್ಚಿದ ತಂತ್ರಾಂಶಗಳ ಕರಾರುಗಳೂ ಸಾಮಾನ್ಯವಾಗಿ ಹೊಣೆಯನ್ನು ಮಿತಿಗೊಳಿಸುತ್ತವೆ, ದುರಸ್ತಿಯ ಹಕ್ಕನ್ನು ಮಾತ್ರ ಕೊಡುವುದಿಲ್ಲ. ತಿದ್ದಿದ ಪ್ರತಿಯನ್ನು ಹಂಚುವವರು ಬದಲಾದ ಕಡತಗಳಲ್ಲಿ ಆ ಸಂಗತಿಯನ್ನು ನಮೂದಿಸಿ, ಪರವಾನಗಿಯ ಪ್ರತಿಯನ್ನೂ ಕೊಡಬೇಕು; ತಮ್ಮ ಸರ್ವರ್‌ನಲ್ಲಷ್ಟೇ ಬಳಸುವವರಿಗೆ ಈ ಷರತ್ತುಗಳು ಅನ್ವಯಿಸವು.