ಕೈವಾಚಿನ ಯಜಮಾನಿಕೆ

ಕನ್ಯಾನದಲ್ಲಿ ಸೂರ್ಯ ನೆತ್ತಿಗೆ ಬರುವುದು ವಾಚಿನ ಹನ್ನೆರಡು ಗಂಟೆಗಲ್ಲ, ಸರಾಸರಿ ಹನ್ನೆರಡೂವರೆಗೆ. ಫೆಬ್ರವರಿ ನಡುವಿನಲ್ಲಿ ಅದು 12-44ರ ಆಸುಪಾಸಿಗೆ ಜಾರುತ್ತದೆ, ನವೆಂಬರ್ ಮೊದಲ ವಾರದಲ್ಲಿ 12-14ಕ್ಕೇ ಮುಗಿದುಹೋಗುತ್ತದೆ. ದೇಶದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದಾರೆ. ಬಂಟ್ವಾಳ ತಾಲೂಕಿನ ಈ ಗಡಿಯೂರು ಇರುವುದು ಸುಮಾರು 75 ಡಿಗ್ರಿಯಲ್ಲಿ. ಏಳೂವರೆ ಡಿಗ್ರಿಯ ಅಂತರಕ್ಕೆ ಅರ್ಧ ಗಂಟೆಯ ವ್ಯತ್ಯಾಸ. ಕರಾವಳಿಯ ಮದುವೆ ಕಾಗದಗಳಲ್ಲಿ ನಡುಹಗಲಿನ ಅಭಿಜಿನ್ ಮುಹೂರ್ತ ಹನ್ನೆರಡು ದಾಟಿದ ಮೇಲೂ ಅಚ್ಚಾಗುವುದು ಇದರಿಂದಲೇ. ಅಂದರೆ ವಾಚು ತೋರಿಸುವುದು ಈ ನೆಲದ ಸೂರ್ಯನ ಸಮಯವನ್ನಲ್ಲ. ಅದು ಹೊರಗಿನಿಂದ ಬಂದ ಸಮಯ. ಹಾಗಿದ್ದೂ ಈ ಕಡೆಯ ಜನ ವಾಚನ್ನು ಪೂರ್ತಿಯಾಗಿ ತಮ್ಮದು ಮಾಡಿಕೊಂಡರು. ಅದು ಹೇಗಾಯಿತು ಎಂದು ನೋಡಿದರೆ, ಇವತ್ತು ಸ್ಮಾರ್ಟ್‌ವಾಚ್ ಬಿಟ್ಟು ಸಾದಾ ವಾಚು ಕಟ್ಟುವವರ ಆಯ್ಕೆಯಲ್ಲಿ ಹಳೆಯದರ ಮೋಹಕ್ಕಿಂತ ಹೆಚ್ಚಿನ ವಿವೇಕ ಇದೆ ಎಂಬುದು ತಿಳಿಯುತ್ತದೆ. ಸಮಯದ ಮೇಲಿನ ಯಜಮಾನಿಕೆ ಮೇಲಿನವರಿಂದ ಒಬ್ಬೊಬ್ಬರ ಮಣಿಕಟ್ಟಿಗೆ ಇಳಿದು ಬಂದದ್ದೇ ಕೈವಾಚಿನ ಚರಿತ್ರೆ. ಸ್ಮಾರ್ಟ್‌ವಾಚ್ ಅದನ್ನು ಮಣಿಕಟ್ಟಿನಿಂದ ಮತ್ತೆ ಮೇಲಕ್ಕೆ ಒಯ್ಯುತ್ತಿದೆ.

ವಾಚು ಬರುವ ಮೊದಲು ಇಲ್ಲಿ ಸಮಯಕ್ಕೆ ಕೊರತೆ ಇರಲಿಲ್ಲ. ದಿನಕ್ಕೆ ಅರುವತ್ತು ಘಳಿಗೆ, ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಏಳೂವರೆ ಘಳಿಗೆಗೆ ಒಂದು ಜಾವ. ಪಂಚಾಂಗ ನೋಡಬಲ್ಲವರು ಮುಹೂರ್ತ ಹೇಳುತ್ತಿದ್ದರು, ದೇವಸ್ಥಾನದ ಪೂಜೆಯ ಗಂಟೆ, ಮಸೀದಿಯ ಬಾಂಗು, ಇಗರ್ಜಿಯ ಗಂಟೆ ದಿನವನ್ನು ಪಾಲು ಮಾಡುತ್ತಿದ್ದವು. ಆದರೆ ಈ ಸಮಯ ಯಾವಾಗಲೂ ಬೇರೆಯವರು ಹೇಳಿದ್ದು. ಕೇಳಿಸಿಕೊಂಡವರಿಗೆ ಅದನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನ ಗಡಿಯಾರ ಇಲ್ಲಿನ ಸೂರ್ಯನಿಗಿಂತ ಇಪ್ಪತ್ತೊಂದು ನಿಮಿಷ ಮುಂದೆ. 1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂತು. ಮರುವರ್ಷ ಮಂಗಳೂರಿಗೆ ರೈಲು ಬಂತು. ರೈಲಿನ ಗಡಿಯಾರ ನಿಲ್ದಾಣದ ಗೋಡೆಯಲ್ಲಿ, ಹೆಂಚಿನ ಕಾರ್ಖಾನೆಯ ಗಡಿಯಾರ ದೊರೆಯ ಕೋಣೆಯಲ್ಲಿ. ಕೆಲಸದವನಿಗೆ ಕೇಳಿಸುತ್ತಿದ್ದದ್ದು ಸೈರನ್ ಮಾತ್ರ.

ಒಳನಾಡಿಗೆ ನಿಮಿಷದ ಲೆಕ್ಕ ತಂದದ್ದು ರೈಲಲ್ಲ, ಬಸ್ಸು. ಮಂಗಳೂರಿನಲ್ಲಿ ಸಿ.ಪಿ.ಸಿ. ಎಂದೇ ಹೆಸರಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಹುಟ್ಟಿದ್ದು 1914ರಲ್ಲಿ. ಆಮೇಲೆ ಬೆಳೆದ ಖಾಸಗಿ ಬಸ್ಸುಗಳ ಜಾಲದಲ್ಲಿ ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಇರುವುದು ಕೆಲವೇ ನಿಮಿಷ. ನಿಲ್ದಾಣದಲ್ಲಿ ಟೈಮ್‌ಕೀಪರ್ ಕೂರುತ್ತಾನೆ, ಕಂಡಕ್ಟರ್ ಓಡಿಹೋಗಿ ಸಮಯ ಬರೆಸುತ್ತಾನೆ, ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವರೊಡನೆ ಜಗಳ. ಕಂಡಕ್ಟರನ ಕೈಯಲ್ಲಿ ವಾಚು ಇರುವುದು ಅಲಂಕಾರಕ್ಕಲ್ಲ. ಟೈಮ್‌ಕೀಪರನ ಮಾತಿಗೆ ಎದುರು ಮಾತಾಡಲು ಅವನಿಗಿರುವ ಸಾಕ್ಷಿ ಅದು. ವಿಟ್ಲಕ್ಕೋ ಉಪ್ಪಳಕ್ಕೋ ಹೋಗುವ ಬಸ್ಸಿಗೆ ಗುಡ್ಡೆ ಇಳಿದು ಬರಬೇಕಾದವನಿಗೂ ಅಷ್ಟೇ. ತನ್ನದೇ ವಾಚಿದ್ದರೆ ಬಸ್ಸು ಹೋಯಿತೋ ಇಲ್ಲವೋ ಎಂದು ಅಂಗಡಿಯವನನ್ನು ಕೇಳಬೇಕಾಗಿಲ್ಲ.

ಆದರೆ ವಾಚು ಬಹುಕಾಲ ಎಲ್ಲರ ಕೈಗೆ ಎಟಕುವ ವಸ್ತುವಾಗಿರಲಿಲ್ಲ. ವೆಸ್ಟ್ ಎಂಡ್, ಫಾವ್ರೆ ಲ್ಯೂಬಾದಂಥ ಸ್ವಿಸ್ ವಾಚುಗಳು ಮುಂಬಯಿ ದಾರಿಯಲ್ಲಿ ಬಂದು ಜಮೀನ್ದಾರರ, ವಕೀಲರ, ಸರಕಾರಿ ಅಧಿಕಾರಿಗಳ ಕೈ ಸೇರುತ್ತಿದ್ದವು. ಇದನ್ನು ಬದಲಿಸಿದ್ದು ಬೆಂಗಳೂರು. 1953ರಲ್ಲಿ ಯಂತ್ರ ಮಾಡುವ ಯಂತ್ರಗಳಿಗಾಗಿ ಶುರುವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈವಾಚು ತಯಾರಿಸಲು ಹೊರಟಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರು. ಅದರ ಜನತಾ ಮಾದರಿ ಹೆಸರಿಗೆ ತಕ್ಕಂತೆ ಸಾಮಾನ್ಯರ ವಾಚಾಯಿತು: ಹದಿನೇಳು ರತ್ನಗಳ ಯಂತ್ರ, ಗಂಟೆಗೆ 18,000 ಬಡಿತ, ದಿನಕ್ಕೊಮ್ಮೆ ಕೀ ಕೊಟ್ಟರೆ ಸಾಕು. ಅಂಧರು ಮುಚ್ಚಳ ತೆರೆದು ಮುಳ್ಳು ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು. ಮುಂದೆ ತುಮಕೂರಿನಲ್ಲಿ ಕಾರ್ಖಾನೆ ತೆರೆಯಿತು. ಒಟ್ಟಾರೆ ಹತ್ತು ಕೋಟಿಗೂ ಹೆಚ್ಚು ಎಚ್‌ಎಂಟಿ ವಾಚುಗಳು ದೇಶದ ಕೈಗಳನ್ನು ಸೇರಿದವು. ಅದೇ ಹೊತ್ತಿಗೆ ಈ ಗಡಿನಾಡಿಗೆ ಇನ್ನೊಂದು ಬಾಗಿಲು ತೆರೆದಿತ್ತು. 1970ರ ದಶಕದಿಂದ ದುಬೈ, ಮಸ್ಕತ್, ಸೌದಿಗೆ ಹೋದವರು ಊರಿಗೆ ಬರುವಾಗ ಸೀಕೊ ಫೈವ್, ಸಿಟಿಜನ್, ಕ್ಯಾಸಿಯೊ ತಂದರು. ಕೈ ಅಲ್ಲಾಡಿದರೆ ತಾನೇ ಕೀ ತುಂಬಿಕೊಳ್ಳುವ ಸೀಕೊ ಆಗ ಊರಿನವರ ಕಣ್ಣಿಗೆ ಬೆರಗು. ಒಂದು ಮಾತು ಇಲ್ಲಿ ಸೇರಿಸಲೇಬೇಕು: ಮನೆಗೊಂದೇ ವಾಚು ಇದ್ದ ಕಾಲದಲ್ಲಿ ಅದು ಗಂಡಸಿನ ಕೈಯಲ್ಲೇ ಇರುತ್ತಿತ್ತು. ಬೀಡಿ ಕಟ್ಟುವ ಹೆಂಗಸಿಗೆ ಕೂಲಿ ಗಂಟೆಗಲ್ಲ, ಸಾವಿರ ಬೀಡಿಗೆ. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹೊತ್ತನ್ನು ಅವಳು ನೆರಳಿನಿಂದಲೋ ಬಸ್ಸಿನ ಹಾರ್ನಿನಿಂದಲೋ ತಿಳಿಯುತ್ತಿದ್ದಳು. ಯಜಮಾನಿಕೆ ಇಳಿದು ಬಂತು ನಿಜ, ಎಲ್ಲರ ಬಳಿಗೂ ಒಂದೇ ಸಲ ಬರಲಿಲ್ಲ.

ವಾಚು ಇಲ್ಲಿನದಾದದ್ದು ಮಾರಾಟವಾದಾಗಲ್ಲ, ರಿಪೇರಿಯಾದಾಗ. ತುಳುನಾಡಿನ ಮಳೆಗಾಲ ಕೈವಾಚಿಗೆ ಕಠಿಣ ಪರೀಕ್ಷೆ: ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು, ಗಾಜಿನೊಳಗೆ ಮಂಜು, ಕಬ್ಬಿಣದ ಭಾಗಗಳಿಗೆ ತುಕ್ಕು. ಅಡಿಕೆಗೆ ಮದ್ದು ಬಿಡುವವರ ಮೈತುಂಬ ಮೈಲುತುತ್ತು, ಸುಣ್ಣ. ಇದಕ್ಕೆ ಉತ್ತರವಾಗಿ ವಿಟ್ಲ, ಪುತ್ತೂರು, ಬಿ.ಸಿ.ರೋಡಿನಂಥ ಪೇಟೆಗಳಲ್ಲಿ ಗಾಜಿನ ಪೆಟ್ಟಿಗೆಯಷ್ಟೇ ಅಗಲದ ವಾಚ್ ರಿಪೇರಿ ಅಂಗಡಿಗಳು ಬಂದವು. ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂಬದಿಯ ಮುಚ್ಚಳ ತೆಗೆಯುತ್ತಾನೆ. ಮೊದಲು ಬಿಗಿದ ಸ್ಪ್ರಿಂಗನ್ನು ಸಡಿಲಿಸುತ್ತಾನೆ, ಇಲ್ಲದಿದ್ದರೆ ಅದು ಒಮ್ಮೆಲೇ ಬಿಚ್ಚಿ ಚಕ್ರದ ಹಲ್ಲು ಮುರಿದೀತು. ಬಳಿಕ ತೂಗುಚಕ್ರವನ್ನು, ಅದಕ್ಕೆ ಅಂಟಿದ ತಲೆಗೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗಿನೊಡನೆ, ಚಿಮುಟದಿಂದ ಎತ್ತಿ ಪಕ್ಕಕ್ಕಿಡುತ್ತಾನೆ. ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದು, ರತ್ನದ ಕುಳಿಗಳಿಗೆ ಸೂಜಿ ಮೊನೆಯಷ್ಟು ಎಣ್ಣೆ ಮುಟ್ಟಿಸಿ, ಮತ್ತೆ ಜೋಡಿಸಿ, ಸ್ವಲ್ಪ ಕೀ ಕೊಟ್ಟು ತೂಗುಚಕ್ರವನ್ನು ಬಿಟ್ಟರೆ ಅದು ತಾನೇ ಬಡಿಯಲು ಶುರು ಮಾಡುತ್ತದೆ. ಸಿಟಿಜನ್ ಕಂಪನಿಯ ಅನುಮತಿ ಬೇಕಿಲ್ಲ, ಬೆಂಗಳೂರಿಗೆ ಕಳಿಸಬೇಕಿಲ್ಲ, ಯಾವ ಗುಪ್ತಪದವೂ ಬೇಡ. ಯಂತ್ರದ ಒಳಗನ್ನು ಓದಬಲ್ಲವನೊಬ್ಬ ಒಂದು ಬಸ್ಸಿನ ದಾರಿಯಷ್ಟು ದೂರದಲ್ಲಿದ್ದಾನೆ ಎಂಬುದೇ ಸಾಕಾಗಿತ್ತು.

1969ರ ಡಿಸೆಂಬರ್ 25ರಂದು ಜಪಾನಿನಲ್ಲಿ ಸೀಕೊ ಕ್ವಾರ್ಟ್ಜ್ ಕೈವಾಚು ಮಾರಾಟಕ್ಕಿಟ್ಟಿತು. 1984ರಲ್ಲಿ ಹುಟ್ಟಿದ ಟೈಟಾನ್, ಬೆಂಗಳೂರಿನ ಬಗಲಿನ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿ ಕ್ವಾರ್ಟ್ಜನ್ನೇ ನೆಚ್ಚಿತು. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿನ ಮುಂದೆ ಕೀ ಕೊಡುವ ವಾಚು ಸೋತಿತು. ಈ ಸೋಲು ನ್ಯಾಯವಾದದ್ದೇ, ಏಕೆಂದರೆ ಕ್ವಾರ್ಟ್ಜ್ ಹೆಚ್ಚು ಸರಿಯಾಗಿ ಸಮಯ ಹೇಳುತ್ತದೆ. ಇಲ್ಲಿ ನಾನು ಸಾದಾ ವಾಚು ಎನ್ನುವಾಗ ಕ್ವಾರ್ಟ್ಜೂ ಅದರಲ್ಲಿ ಸೇರಿದೆ. ಗುಂಡಿ ಸೆಲ್ಲು ಪೇಟೆಯಲ್ಲೇ ಸಿಗುತ್ತದೆ, ಐದು ನಿಮಿಷದಲ್ಲಿ ಬದಲಾಗುತ್ತದೆ, ಕಟ್ಟಿಕೊಂಡವರ ಬಗ್ಗೆ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. ಹಾಗಾಗಿ ನಿಜವಾದ ಗಡಿರೇಖೆ ಇರುವುದು ಕೀ ವಾಚಿಗೂ ಸೆಲ್ ವಾಚಿಗೂ ನಡುವೆ ಅಲ್ಲ. ಮಾರಿದ ದಿನವೇ ತಯಾರಕರ ಕೈಬಿಟ್ಟು ಬರುವ ವಾಚಿಗೂ, ಮಾರಿದ ಮೇಲೂ ಅವರ ಕೈಯಲ್ಲೇ ಉಳಿಯುವ ವಾಚಿಗೂ ನಡುವೆ.

ಇದಕ್ಕೆ 2016ಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡ. ಆ ವರ್ಷದ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿತು. ಅದೇ ಡಿಸೆಂಬರಿನಲ್ಲಿ, ಸ್ಮಾರ್ಟ್‌ವಾಚ್ ಯುಗಕ್ಕೆ ನಾಂದಿ ಹಾಡಿದವುಗಳಲ್ಲಿ ಒಂದಾದ ಅಮೆರಿಕದ ಪೆಬಲ್ ಕಂಪನಿಯೂ ಮುಚ್ಚಿತು. ಎಚ್‌ಎಂಟಿ ಮುಚ್ಚಿದ ಮರುದಿನ ಕನ್ಯಾನದಲ್ಲಿ ಯಾವ ಜನತಾ ವಾಚೂ ನಿಲ್ಲಲಿಲ್ಲ. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊ ಪಾಲಾದ ಮೇಲೂ ಅಲ್ಲಿ ಹುಟ್ಟಿದ ವಾಚುಗಳು ಓಡುತ್ತಿವೆ. ಪೆಬಲ್‌ನ ಅಧಿಕೃತ ಸರ್ವರ್‌ಗಳು 2018ರ ಜೂನ್‌ನಲ್ಲಿ ಸ್ಥಗಿತಗೊಂಡಾಗ, ಅವನ್ನೇ ನೆಚ್ಚಿದ್ದ ಸೇವೆಗಳು ಕೈಯಲ್ಲಿದ್ದ ವಾಚುಗಳಿಂದ ಮಾಯವಾದವು. ಅಭಿಮಾನಿಗಳು ಸ್ವಂತ ಶ್ರಮದಿಂದ ಕೆಲವನ್ನು ಬದುಕಿಸಿದರು. ಅದು ಮೆಚ್ಚಬೇಕಾದ ಸಾಹಸ, ಆದರೆ ಅಷ್ಟು ಸಾಹಸ ಬೇಕಾಯಿತು ಎಂಬುದೇ ನನ್ನ ವಾದಕ್ಕೆ ಬಲ. ಕಂಪನಿ ಬದುಕಿದ್ದರೂ ಕಥೆ ಬೇರೆಯಲ್ಲ. 2015ರಲ್ಲಿ ಆ್ಯಪಲ್ ಹತ್ತು ಸಾವಿರ ಡಾಲರಿನಿಂದ ಶುರುವಾಗುವ ಚಿನ್ನದ ವಾಚು ಮಾರಿತು. 2018ರ ಹೊಸ ತಂತ್ರಾಂಶ ಅದಕ್ಕೆ ಸಿಗಲಿಲ್ಲ. ಚಿನ್ನ ಚಿನ್ನವಾಗಿಯೇ ಉಳಿಯಿತು, ವಾಚು ಮೂರೇ ವರ್ಷಕ್ಕೆ ಹಳತಾಯಿತು.

ಕೈವಾಚು ತಾನೇನು ಸ್ವಾತಂತ್ರ್ಯ ತಂದಿತೇ, ಕಾರ್ಖಾನೆಯ ಶಿಸ್ತನ್ನು ಮನುಷ್ಯನ ಮೈಗೆ ಕಟ್ಟಿದ್ದೇ ಅದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ತಿರುಳಿದೆ. ನಿಮಿಷದ ಆಳ್ವಿಕೆ ಬಂದದ್ದು ಗಡಿಯಾರದೊಂದಿಗೆ. ಆದರೆ ಆ ಆಳ್ವಿಕೆ ಕೈವಾಚಿಗಿಂತ ಮೊದಲೇ ಸೈರನ್ನಿನಲ್ಲಿ, ಶಾಲೆಯ ಗಂಟೆಯಲ್ಲಿ, ರೈಲಿನ ಪಟ್ಟಿಯಲ್ಲಿ ಬಂದು ಕೂತಿತ್ತು. ಕೈವಾಚು ಮಾಡಿದ್ದು, ಆಳಿಸಿಕೊಳ್ಳುವವನ ಕೈಗೂ ಅದೇ ಅಳತೆಗೋಲನ್ನು ಕೊಟ್ಟದ್ದು. ಮೇಸ್ತ್ರಿ ಹತ್ತು ನಿಮಿಷ ಹೆಚ್ಚು ದುಡಿಸಿಕೊಂಡರೆ ಕೂಲಿಯವನು ವಾಚು ತೋರಿಸಬಹುದಿತ್ತು. ಸ್ಮಾರ್ಟ್‌ವಾಚ್‌ನಲ್ಲಿ ಅಳತೆಗೋಲು ತಿರುಗಿ ನಿಲ್ಲುತ್ತದೆ: ಎಷ್ಟು ಹೆಜ್ಜೆ, ಎಷ್ಟು ನಿದ್ದೆ, ಎದೆ ಎಷ್ಟು ಬಡಿಯಿತು, ಎಲ್ಲಿಗೆ ಹೋದೆ ಎಂಬ ಲೆಕ್ಕ ಧರಿಸಿದವನಿಂದ ಹೊರಟು ಬೇರೆಡೆ ಜಮೆಯಾಗುತ್ತದೆ. ವ್ಯಾಯಾಮದ ಲೆಕ್ಕವಿಡುವ ಸ್ಟ್ರಾವಾ ಪ್ರಕಟಿಸಿದ ನಕಾಶೆಯಿಂದ ಸೈನಿಕ ನೆಲೆಗಳೇ ಬಯಲಾದದ್ದು 2018ರ ಜನವರಿಯಲ್ಲಿ ಸುದ್ದಿಯಾಯಿತು. ಫಿಟ್‌ಬಿಟ್ ಕಂಪನಿ 2021ರಲ್ಲಿ ಗೂಗಲ್ ಪಾಲಾದಾಗ ವಾಚು ಕಟ್ಟಿದವರ ಲೆಕ್ಕದ ಪುಸ್ತಕವನ್ನು ಇಡುವ ಮನೆ ಬದಲಾಯಿತು; ವಾಚು ಕಟ್ಟಿದವರು ಆ ವ್ಯಾಪಾರದಲ್ಲಿ ಪಾಲುದಾರರಲ್ಲ.

ಆರೋಗ್ಯದ ಆಕ್ಷೇಪ ಇದಕ್ಕಿಂತ ಗಟ್ಟಿ. ಈ ಕಡೆ ಎಷ್ಟೋ ತೋಟದ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಇರುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಗಲ್ಫಿನಲ್ಲಿ. ಬಿದ್ದರೆ ತಾನೇ ಕರೆ ಮಾಡುವ, ಎದೆಬಡಿತ ತಪ್ಪಿದರೆ ಎಚ್ಚರಿಸುವ ವಾಚು ಅವರಿಗೆ ಉಪಕಾರಿಯೇ. ಅದನ್ನು ಬೇಡ ಎನ್ನುವುದು ಕ್ರೌರ್ಯ. ಆದರೆ ಆಗ ಅದು ರೋಗಿಯ ಉಪಕರಣ. ಸಕ್ಕರೆ ನೋಡುವ ಯಂತ್ರದಂತೆ ಬೇಕಾದವರು, ವೈದ್ಯರ ಮಾತು ಕೇಳಿ, ಅದರ ಮಿತಿ ತಿಳಿದು ಬಳಸಬೇಕಾದದ್ದು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಸಿಗದ ಮನೆಯಲ್ಲಿ ಆ ಕರೆ ಹೋಗುವುದೂ ಇಲ್ಲ. ಒಬ್ಬ ಹೃದ್ರೋಗಿಯ ಅಗತ್ಯವನ್ನು ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯ ಮಣಿಕಟ್ಟಿಗೆ ಕಟ್ಟಲು ಕಾರಣ ಕಾಣುವುದಿಲ್ಲ.

ಉಳಿದಿರುವುದು ರಿಪೇರಿಯವರೇ ಇಲ್ಲವಾಗುತ್ತಿದ್ದಾರೆ ಎಂಬ ಮಾತು, ಮತ್ತು ಇದೇ ಎಲ್ಲಕ್ಕಿಂತ ನೋವಿನದು. ಹಳೆಯ ಕಸುಬುದಾರರ ಮಕ್ಕಳು ಆ ಮೇಜಿನ ಮುಂದೆ ಕೂರುತ್ತಿಲ್ಲ. ಎಷ್ಟೋ ಅಂಗಡಿಗಳು ಮೊಬೈಲ್ ಕವರ್ ಮಾರುತ್ತಿವೆ. ಎಚ್‌ಎಂಟಿಯ ಹೊಸ ಬಿಡಿಭಾಗ ಬರುವುದಿಲ್ಲ, ಸತ್ತ ವಾಚಿನಿಂದ ತೆಗೆದು ಬದುಕಿದ ವಾಚಿಗೆ ಹಾಕಬೇಕು. ಆದರೆ ಈ ಕಸುಬು ಎಂದೂ ದೊಡ್ಡ ರಿಪೇರಿಯಿಂದ ಮಾತ್ರ ಬದುಕಲಿಲ್ಲ. ಬೆಲ್ಟು, ಪಿನ್ನು, ಗಾಜು, ಸೆಲ್ಲು, ಮಳೆಗಾಲದಲ್ಲಿ ನೀರು ನುಗ್ಗಿದ ವಾಚನ್ನು ಬಿಚ್ಚಿ ಒಣಗಿಸಿ ಕೊಡುವ ಕೆಲಸ, ಇವೇ ಅಂಗಡಿಯ ಬಾಡಿಗೆ ಕಟ್ಟಿದ್ದು. ಸಾದಾ ವಾಚು ಕಟ್ಟುವವರು ಹತ್ತೂರಲ್ಲಿ ಇದ್ದರೆ ಪೇಟೆಯಲ್ಲೊಬ್ಬ ರಿಪೇರಿಯವನಿಗೆ ದಿನದ ಗಿರಾಕಿ ಸಿಗುತ್ತದೆ. ಅವನು ಇದ್ದರಷ್ಟೇ ಅಜ್ಜನ ಜನತಾ ವಾಚಿನ ತೂಗುಚಕ್ರಕ್ಕೂ ಕೈ ಹಾಕಬಲ್ಲವನೊಬ್ಬ ವಿಟ್ಲದಲ್ಲೋ ಪುತ್ತೂರಿನಲ್ಲೋ ಉಳಿಯುತ್ತಾನೆ.